ಬಾಸ್ ಮೀನಿನ ಮುಹೂರ್ತ

ಅಮೆರಿಕದಲ್ಲಿ ಬಾಸ್ ಮೀನಿಗೆ ಗಾಳ ಹಾಕುವವರು ದೋಣಿ ಇಳಿಸುವ ಮೊದಲು ನೋಡುವಷ್ಟು ಲೆಕ್ಕವನ್ನು ನಮ್ಮವರು ಮದುವೆಗೂ ನೋಡುವುದಿಲ್ಲ. ಗಾಳಿಯ ಒತ್ತಡ, ನೀರಿನ ಬಿಸಿ, ಮೋಡ, ಕೊನೆಗೆ ಹುಣ್ಣಿಮೆ-ಅಮಾವಾಸ್ಯೆ ಕೂಡ!

ಎಲ್ಲವೂ ಮೂಢನಂಬಿಕೆಯೇನಲ್ಲ. ಬಾಸ್ ತಣ್ಣನೆ ರಕ್ತದ ಪ್ರಾಣಿ. ಚಳಿಗಾಲದಲ್ಲಿ ಜೀರ್ಣಶಕ್ತಿ ಕುಗ್ಗಿ, ಮೂತಿಯ ಮುಂದೆ ಹುಳು ಕುಣಿದರೂ ಕದಲಲು ಸೋಮಾರಿತನ. ವಸಂತದಲ್ಲಿ ನೀರು ಸುಮಾರು 16 ಡಿಗ್ರಿ ಸೆಲ್ಸಿಯಸ್ ಮುಟ್ಟಿತೋ, ಗಂಡು ಮೀನು ದಡದ ಹತ್ತಿರ ಬಂದು ಬಾಲದಿಂದ ತಳ ಗುಡಿಸಿ ಗೂಡು ಮಾಡುತ್ತದೆ. ಮೊಟ್ಟೆಯಿಟ್ಟು ಹೆಣ್ಣು ಹೊರಟ ಮೇಲೆ ಕಾವಲೂ ಅದರದೇ. ಆಗ ಅದು ಗಾಳ ಕಚ್ಚುವುದು ಹೆಚ್ಚಾಗಿ ಹಸಿವಿನಿಂದಲ್ಲ, ಸಿಟ್ಟಿನಿಂದ. ನೀರು ಕದಡಿದ್ದರೆ ಗಲಗಲ ಸದ್ದಿನ ಹುಸಿ ಮೀನು ಬೇಕು. ಕಣ್ಣಿಗೆ ಕಾಣದಿದ್ದರೂ ಕಂಪನ ತಿಳಿಯುತ್ತದೆ.

ಆದರೆ ದೊಡ್ಡ ಬೇಟೆ ಒಲಿದದ್ದು ಯಾವ ಲೆಕ್ಕಕ್ಕೂ ಅಲ್ಲ. 1932ರ ಜೂನ್ 2ರಂದು ಜಾರ್ಜಿಯಾ ರಾಜ್ಯದ ರೈತ ಜಾರ್ಜ್ ಪೆರಿಗೆ, ಮಳೆಯಿಂದ ಹೊಲ ಕೆಸರಾಗಿ ಉಳಲು ಆಗಲಿಲ್ಲ. ಸುಮ್ಮನೆ ಕೂರುವ ಬದಲು ಗೆಳೆಯನೊಂದಿಗೆ ಮಾಂಟ್‌ಗೊಮರಿ ಕೆರೆಗೆ ಹೋದ. ಸಿಕ್ಕಿದ್ದು 22 ಪೌಂಡ್ 4 ಔನ್ಸಿನ ಬಾಸ್, ವಿಶ್ವದಾಖಲೆ! 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಸರಿಗಟ್ಟುವವರೆಗೂ ಅದಕ್ಕೆ ಎದುರಿರಲಿಲ್ಲ. ಪೆರಿ ಮನೆಯವರು ಮಾತ್ರ ತೂಕ ಹಾಕಿಸಿದ ಮೇಲೆ ಆ ದಾಖಲೆಯನ್ನು ಬೇಯಿಸಿ ತಿಂದು ಮುಗಿಸಿದರು.