ಅಪ್‌ಡೇಟ್ ಅಣ್ಣ

ತುಮಕೂರಿನ ಎಸ್.ಎಸ್. ಪುರಂ ಕಡೆ ಯಾವ ಟೀ ಅಂಗಡಿಗಾದರೂ ಹೋಗಿ. ನಾಲ್ಕು ಹುಡುಗರು ಮೊಬೈಲ್ ಅಡ್ಡ ಹಿಡಿದು ಕೂತಿದ್ದರೆ, ಐದನೆಯವನೊಬ್ಬ ಆಡದೆ ಅವರ ಬೆನ್ನ ಹಿಂದೆ ನಿಂತಿರುತ್ತಾನೆ. ಅವನೇ ಅಪ್‌ಡೇಟ್ ಅಣ್ಣ. ಊರು ಗುಬ್ಬಿ. ಮನೆಯಲ್ಲಿ ತೆಂಗು ಉಂಟು, ಅಡಿಕೆ ಉಂಟು, ಎಂಜಿನಿಯರಿಂಗಿನ ಎರಡು ಬ್ಯಾಕ್‌ಲಾಗ್ ಕೂಡ ಉಂಟು. ಆ ಎರಡರ ಹೆಸರು ಹೇಳಿಕೊಂಡೇ ದಿನಾ ಬೆಳಿಗ್ಗೆ ತುಮಕೂರಿನ ಬಸ್ಸು ಹತ್ತುತ್ತಾನೆ. ಬಿಜಿಎಂಐ ಆಡಲು ಕೂತರೆ ವಿಮಾನದಿಂದ ಇಳಿದು ಬಂದೂಕು ಹುಡುಕುವಷ್ಟರಲ್ಲಿ ಸತ್ತಿರುತ್ತಾನೆ. ಆದರೆ ಆಟ ಮಾಡಿದ ಕಂಪನಿ ಏನು ಹೇಳಿತು, ಯಾಕೆ ಹೇಳಿತು, ಹೇಳದೆ ನುಂಗಿಕೊಂಡದ್ದೇನು ಎಂಬ ವಿದ್ಯೆಯಲ್ಲಿ ಜಿಲ್ಲೆಯಲ್ಲಿ ಅವನ ಸಮಕ್ಕೆ ಯಾರೂ ಇಲ್ಲ.

"ಸರ್ವರ್ ಯಾಕಣ್ಣಾ ಇಷ್ಟು ಸ್ಲೋ?" ಎಂದು ಯಾರಾದರೂ ಕೇಳಲಿ. "ಗೊತ್ತಾಗಿದೆ ಗುರು, ನೋಡ್ತಾ ಇದೀವಿ" ಅನ್ನುತ್ತಾನೆ. ಇದೀವಿ ಅಂದರೆ ಆಟ ಮಾಡಿದ ದಕ್ಷಿಣ ಕೊರಿಯಾದ ಕ್ರಾಫ್ಟನ್ ಕಂಪನಿ ಮತ್ತು ಇವನು.

ಈ ಪದವಿ ಸುಮ್ಮನೆ ಬಂದದ್ದಲ್ಲ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿದಾಗ ಪಬ್ಜಿಯೂ ಅದರೊಳಗೆ ಹೋಯಿತು. ಹುಡುಗರು ಊಟ ಬಿಟ್ಟು ಕೂತಿದ್ದ ಕಾಲ. ನವೆಂಬರಿನಲ್ಲಿ ಪಬ್ಜಿ ಇಂಡಿಯಾ ಎಂಬ ಕಂಪನಿ ಬೆಂಗಳೂರಿನಲ್ಲಿ ನೋಂದಣಿಯಾಗಿದೆ ಎಂಬ ಸುದ್ದಿಯನ್ನು ಟೀ ಅಂಗಡಿಗೆ ಮೊದಲು ತಂದವನು ಇವನು. "ಬೆಂಗಳೂರು ಕಣ್ರೋ! ಎಪ್ಪತ್ತು ಕಿಲೋಮೀಟ್ರು. ಜಾಸ್ತಿ ತಡ ಮಾಡಿದ್ರೆ ನಾನೇ ಹೋಗಿ ಕೇಳ್ಕೊಂಡು ಬತ್ತೀನಿ" ಅಂದ. ಹೋಗಲಿಲ್ಲ. ಮುಂದಿನ ವರ್ಷ ಮೇ 18ಕ್ಕೆ ಪಬ್ಜಿಯ ಭಾರತದ ಅವತಾರವಾದ ಬಿಜಿಎಂಐಗೆ ಪ್ರೀ-ರಿಜಿಸ್ಟ್ರೇಷನ್ ತೆರೆಯಿತು. ಆಟ ಯಾವತ್ತು ಬರುತ್ತದೆ ಅನ್ನುವುದೊಂದು ಬಿಟ್ಟು ಕಂಪನಿ ಬೇರೆಲ್ಲ ಹಾಕಿತು: ಒಂದು ಸಲ ಬೆನ್ನಿಗೇರಿಸುವ ಬ್ಯಾಗಿನ ಚಿತ್ರ, ಇನ್ನೊಂದು ಸಲ ಜೀಪಿನ ಚಿತ್ರ. ಅಣ್ಣ ಬ್ಯಾಗಿನ ಜಿಪ್ಪು ಎಣಿಸಿ, ಅದಕ್ಕೆ ಜೀಪಿನ ಚಕ್ರ ಕೂಡಿಸಿ, ಯಾವುದನ್ನೋ ಯಾವುದರಿಂದಲೋ ಗುಣಿಸಿ "ಜೂನ್ 18" ಎಂದು ಸಾರಿದ. ಆ ತಾರೀಕು ಆಗಲೇ ದೇಶದ ತುಂಬ ಓಡಾಡುತ್ತಿತ್ತು, ಆ ಮಾತು ಬಿಡಿ. ಕೆಲವರಿಗೆ 17ಕ್ಕೇ ಸಿಕ್ಕಿತು, ಆ್ಯಂಡ್ರಾಯ್ಡ್‌ನವರೆಲ್ಲರ ಕೈಗೆ ಬಂದಾಗ ಜುಲೈ 2. "ಒಂದಿನ ಆಕಡೆ ಈಕಡೆ. ಪಂಚಾಂಗದಾಗೂ ಆಯ್ತದೆ" ಎಂದ ಅಣ್ಣ. ಜುಲೈ ವಿಷಯ ಎತ್ತಲಿಲ್ಲ.

ಹೊಸ ನಿಯಮಗಳನ್ನು ಮನೆಯಲ್ಲಿ ವಿವರಿಸುವ ಹೊಣೆಯನ್ನೂ ತಾನೇ ಹೊತ್ತ. ಈ ಆಟದಲ್ಲಿ ರಕ್ತ ಹಸಿರು ಬಣ್ಣದ್ದು, ಹದಿನೆಂಟು ತುಂಬದವರಿಗೆ ದಿನಕ್ಕೆ 3 ಗಂಟೆ ಮಾತ್ರ, ಖರ್ಚಿಗೂ ದಿನಕ್ಕೆ 7,000 ರೂಪಾಯಿ ಮಿತಿ.

"ದಿನಕ್ಕಾ?" ಅಂದರು ಅವ್ವ, ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ.

"ಹೂಂ ಅವ್ವಾ. ಕಂಪ್ನಿಯೋರು ಮಕ್ಕಳ ಹಿತಕ್ಕೇ ಮಾಡಿರೋದು."

"ಹಂಗಾದ್ರೆ ಆ ಕಂಪ್ನಿಯೋರ್ಗೆ ಹೇಳು, ನಮ್ಮನೇಲಿ ತಿಂಗ್ಳಿಗೂ ಅಷ್ಟು ಮಿಗಲ್ಲ ಅಂತ."

ಅಣ್ಣ ನಿಜಕ್ಕೂ ಹೇಳಿದ. ಕಂಪನಿಯ ಸಪೋರ್ಟಿಗೆ ಇಂಗ್ಲಿಷಿನಲ್ಲಿ ಉದ್ದ ದೂರು ಬರೆದ; ಕಳಿಸಿದ ಅರೆಗಳಿಗೆಯಲ್ಲೇ ಉತ್ತರ ಬಂತು. ಪ್ರಿಯ ಆಟಗಾರರೇ, ನಿಮ್ಮ ಸಲಹೆ ನಮಗೆ ಅಮೂಲ್ಯ ಎಂಬ ಧಾಟಿಯ, ಮನುಷ್ಯರ ಕೈ ತಾಕದ ಉತ್ತರ. ಅದರ ಸ್ಕ್ರೀನ್‌ಶಾಟ್ ಇವತ್ತಿಗೂ ಅವನ ಮೊಬೈಲಿನಲ್ಲಿದೆ. ಹಾಲ್ ಟಿಕೆಟ್ ಎಲ್ಲಿದೆ ಎಂದು ಕೇಳಿ ನೋಡಿ, ಹುಡುಕಬೇಕು.

2022ರ ಜುಲೈ 28ಕ್ಕೆ ಆಟ ಆ್ಯಪ್ ಸ್ಟೋರ್‌ಗಳಿಂದ ಮತ್ತೆ ಮಾಯ. ಹೇಗೆ ತೆಗೆದರೆಂದು ವಿಚಾರಿಸುತ್ತಿದ್ದೇವೆ, ಗೊತ್ತಾದ ಮೇಲೆ ತಿಳಿಸುತ್ತೇವೆ ಎಂಬರ್ಥದ ಮಾತೊಂದನ್ನು ಆಡಿದ ಕಂಪನಿ, ಆಟ ಬರುವ ದಿನವನ್ನು ಮಾತ್ರ ತಿಂಗಳುಗಟ್ಟಲೆ ಬಾಯಿಬಿಡಲಿಲ್ಲ. ಅಣ್ಣನ ಪಾಲಿಗೆ ಅದೇ ಸುವರ್ಣಯುಗ. ಆಟ ಸಿಗುವುದೇ ನಿಂತದ್ದರಿಂದ ಚೆನ್ನಾಗಿ ಆಡುವವರು, ಕೆಟ್ಟದಾಗಿ ಆಡುವವರು ಎಂಬ ಭೇದವೂ ಮಸುಕಾಗಿ, ಸುದ್ದಿ ಇದ್ದವನೇ ದೊರೆಯಾದ. "ಮುಂದಿನ ವಾರ ಪಕ್ಕಾ" ಎಂದು ಪ್ರತಿ ವಾರವೂ ಹೇಳಿದ. ಹೇಳಿದಾಗಲೆಲ್ಲ ಯಾರಾದರೊಬ್ಬರು ಟೀ ಕೊಡಿಸಿದರು. 2023ರ ಮೇನಲ್ಲಿ ಮೂರು ತಿಂಗಳ ಪರೀಕ್ಷೆಯ ಮೇಲೆ ಅನುಮತಿ ಎಂದು ಕೇಂದ್ರದ ರಾಜ್ಯ ಸಚಿವರು ಪ್ರಕಟಿಸಿದರು. ತಿಂಗಳ ಕೊನೆಗೆ ಆಟ ಬಂತು. "ನಾ ಹೇಳಿರ್ಲಿಲ್ವಾ?" ಎಂದ ಅಣ್ಣ. ಹೇಳಿದ್ದ, ಅದರಲ್ಲಿ ಸುಳ್ಳೇನಿಲ್ಲ.

ಮನೆಯಲ್ಲಿ ಈ ಪ್ರತಾಪಕ್ಕೆ ಸೊಪ್ಪು ಹಾಕದವರು ತಾತ ಒಬ್ಬರೇ. ಗುಬ್ಬಿಯವರಿಗೆ ಕಂಪನಿಗಳ ಪ್ರಕಟಣೆಯನ್ನು ನೀವು ಹೊಸದಾಗಿ ಕಲಿಸಬೇಕಾಗಿಲ್ಲ. 1884ರಲ್ಲಿ ಶುರುವಾಗಿ, ಆಮೇಲೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡೆಲ್ಲ ತಿರುಗಿ, 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ನಾಟಕ ಕಂಪನಿಯ ಊರು ಅದು. ತಾತ ಎಲೆಅಡಿಕೆ ಒಂದು ದವಡೆಗೆ ಸರಿಸಿಕೊಂಡು ಹೇಳಿದರು: "ನಮ್ ಕಾಲ್ದಾಗೆ ನಾಟಕದೋರು 'ಇಂದೇ ಕಡೇ ಆಟ' ಅಂತ ಹ್ಯಾಂಡ್‌ಬಿಲ್ ಹಂಚೋರು. ಬೆಳಕರಿದ್ರೆ 'ಪ್ರೇಕ್ಷಕ ಮಹಾಶಯರ ಒತ್ತಾಯದ ಮೇರೆಗೆ' ಅಂತ ಇನ್ನೊಂದು. ಒತ್ತಾಯ ಮಾಡ್ದೋನು ಯಾವನು ಅಂತ ಹುಡುಕಿದ್ರೆ ಒಬ್ನೂ ಸಿಕ್ತಿರ್ಲಿಲ್ಲ. ಆದ್ರೂ ಒನ್ಸ್ ಮೋರ್ ಅಂತ ಕೂಗಿದ್ರೆ ಸತ್ ಬಿದ್ದಿರೋ ದುರ್ಯೋಧನ ಎದ್ದು ಇನ್ನೊಂದ್ ಪದ ಹೇಳಿ ಮಲಗೋನು. ನಿಮ್ಮೋನು ಎದ್ದು ಬತ್ತಾನೇನ್ಲಾ?"

"ನಮ್ಮಲ್ಲೂ ರಿವೈವ್ ಐತೆ ತಾತ."

"ಸತ್ತೋನು ಎದ್ದೇಳೋದಲ್ಲ ಕಣ್ಲಾ, ಕೂಗಿದ್ರೆ ಕೇಳ್ಸುತ್ತಾ ಅಂದೆ."

ಅಣ್ಣನ ಹತ್ತಿರ ಉತ್ತರ ಇರಲಿಲ್ಲ. ಮೊದಲ ಸಲ ನಿಜವಾಗಿಯೂ ನೋಡ್ತಾ ಇದ್ದ, ಸೂರು ನೋಡ್ತಾ.

2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸು ಮಾಡಿ ದುಡ್ಡಿನ ಆಟಗಳನ್ನೆಲ್ಲ ನಿಲ್ಲಿಸಿದ ಮೇಲೆ ಅವನ ಸುತ್ತ ನೆರೆಯುವವರ ವಯಸ್ಸು ಏರಿತು. ಮಂಡಿಪೇಟೆ ಕಡೆಯ ಯಜಮಾನರು, ಮನೆಯವರಿಗೆ ತಿಳಿಯದ ಹಾಗೆ ಕ್ರಿಕೆಟ್ ತಂಡ ಕಟ್ಟುತ್ತಿದ್ದವರು, ರಮ್ಮಿಯಲ್ಲಿ ಎಷ್ಟು ಹೋಯಿತೆಂದು ಹೆಂಡತಿಗೆ ಇನ್ನೂ ಹೇಳದವರು, ಮೆಲ್ಲಗೆ ಬಂದು "ನಮ್ದು ಯಾವಾಗ ಬರ್ತದಪ್ಪಾ?" ಎಂದು ಕೇಳತೊಡಗಿದರು. ಅವರಿಗೆ ಮಾತ್ರ ಅಣ್ಣ "ಮುಂದಿನ ವಾರ" ಅನ್ನಲಿಲ್ಲ. "ಅದು ಬರಲ್ಲ ಅಂಕಲ್. ಒಳಗೆ ಉಳಿದಿರೋ ದುಡ್ಡು ಮೊದ್ಲು ತೆಕ್ಕೊಳಿ" ಅಂದ. ಎಷ್ಟೋ ಕಂಪನಿಗಳು ಎಷ್ಟೋ ಪುಟಗಳಲ್ಲಿ ಹೇಳಿದ್ದಕ್ಕಿಂತ ಅದು ನೇರವಾಗಿತ್ತು. ಅದೇ ವರ್ಷ ಬಿಜಿಎಂಐನವರು ಆಟದಲ್ಲಿ ಬಹುಮಾನ ಕೊಡುವ ರಿಡೀಮ್ ಕೋಡ್ ಬಿಡಲು ಶುರು ಮಾಡಿದರು. ಒಂದು ಕೋಡು ಮೊದಲು ಮುಟ್ಟಿದ 10 ಜನಕ್ಕೆ, ಇಡೀ ದೇಶದಲ್ಲಿ. ಅಣ್ಣ ಅವನ್ನು ತಪ್ಪದೆ ಹುಡುಗರ ಗುಂಪಿಗೆ ಹಾಕುತ್ತಾನೆ, ಮೊದಲು ತಾನು ಪ್ರಯತ್ನಿಸಿ ಸೋತ ಮೇಲೆ.

ಈಚೆಗೆ ಸೋದರಮಾವ ಅವನನ್ನು ಕುಣಿಗಲ್‌ಗೆ ಕರೆದುಕೊಂಡು ಹೋದರು, ಹೆಣ್ಣು ನೋಡಲು. ಕುದುರೆ ಫಾರಂ ಕಡೆಯ ಮನೆ. ಕೇಸರಿಬಾತು, ಬೋಂಡ ಆಯಿತು. ಹುಡುಗಿಯ ತಂದೆ ಗಂಟಲು ಸರಿಮಾಡಿಕೊಂಡು, "ಕೆಲಸದ್ದು ಹೆಂಗೆ ಮಾಡ್ಕೊಂಡಿದೀರಿ?" ಎಂದು ಕೇಳಿದರು.

ಅಣ್ಣ ಬೆನ್ನು ನೆಟ್ಟಗೆ ಮಾಡಿಕೊಂಡ. "ಅದು ನಮ್ಮ ಗಮನದಲ್ಲಿದೆ ಅಂಕಲ್. ಸದ್ಯದಲ್ಲೇ ಒಳ್ಳೇ ಸುದ್ದಿ ಇದೆ. ತಾರೀಕು ಮುಂದೆ ತಿಳಿಸ್ತೀವಿ. ತಾಳ್ಮೆ ಇಟ್ಟು ಸಹಕರಿಸಿದ್ದಕ್ಕೆ ಥ್ಯಾಂಕ್ಸ್."

ಮಾವ ಬೋಂಡ ಕೆಳಗಿಟ್ಟರು. ಬಾಗಿಲ ಹತ್ತಿರ ಕಾಫಿ ತಟ್ಟೆ ಹಿಡಿದು ನಿಂತಿದ್ದ ಹುಡುಗಿ ತಂದೆಯ ಕಡೆ ತಿರುಗಿ, "ಪ್ರೀ-ರಿಜಿಸ್ಟ್ರೇಷನ್ ಮಾತ್ರ ಮಾಡ್ಕೊಳಿ ಅಪ್ಪಾ" ಅಂದಳು. "ಡೌನ್‌ಲೋಡ್ ಆಮೇಲೆ ನೋಡಾಣ."