ಅರಳಿಕಟ್ಟೆಯ ಹತ್ತಿರ ಎಡಕ್ಕೆ

ಬೆಂಗಳೂರಿನಲ್ಲಿ ದಾರಿ ಹೇಳುವುದೆಂದರೆ ಇಲ್ಲದ್ದನ್ನು ತೋರಿಸಿ ಇರುವ ಕಡೆಗೆ ಕಳಿಸುವುದು. ಮಿನರ್ವಾ ಟಾಕೀಸಿಲ್ಲ, ಮಿನರ್ವಾ ಸರ್ಕಲ್ಲಿದೆ. ಮೆಜೆಸ್ಟಿಕ್ ಟಾಕೀಸು ನೆಲಸಮವಾಗಿ ಎಷ್ಟೋ ಕಾಲವಾಯಿತು. ಕಂಡಕ್ಟರು ಇವತ್ತಿಗೂ ಆ ಹೆಸರನ್ನೇ ಕೂಗುತ್ತಾನೆ. ಅಲ್ಲಿನ ಬಸ್ ನಿಲ್ದಾಣವಾದರೋ ಹಿಂದಿನ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿದೆ. ಇಂಥ ಊರಿನಲ್ಲಿ ಎಪ್ಪತ್ತೈದು ದಾಟಿದವರು ತಬ್ಬಿಬ್ಬಾದರೆ ಅವರನ್ನು ಬೈಯುವುದು ನ್ಯಾಯವಲ್ಲ.

ತುಮಕೂರಿನ ನಮ್ಮ ಸೋದರಮಾವನಿಗೂ ಮೊಬೈಲಿನ ಮ್ಯಾಪಿಗೂ ಎಣ್ಣೆ ಸೀಗೇಕಾಯಿ ಸಂಬಂಧ. "ಇನ್ನೂರು ಮೀಟರ್ ಹೋಗಿ ಎಡಕ್ಕೆ ತಿರುಗಿ ಅಂತಾಳೆ ಕಣೋ ಆ ಹೆಂಗಸು. ಅಳೆಯೋಕೆ ನಾನೇನು ಟೇಪು ಹಿಡ್ಕೊಂಡು ಬಂದಿದೀನಾ?" ಅದೇ 'ಹೂವಿನವಳನ್ನು ದಾಟಿ, ಅರಳಿಕಟ್ಟೆಯ ಹತ್ತಿರ ಎಡಕ್ಕೆ' ಅಂದರೆ ಮರುಮಾತಿಲ್ಲದೆ ಚಪ್ಪಲಿ ಮೆಟ್ಟುತ್ತಾರೆ.

ಮಾವನ ಪಟ್ಟಿಗೆ ವಿಜ್ಞಾನದ ಬೆಂಬಲವೂ ಇದೆ. ಮಿದುಳಿನಲ್ಲಿ ಜಾಗದ ಲೆಕ್ಕ ಇಡುವ ಜೀವಕೋಶಗಳನ್ನು ಪತ್ತೆಹಚ್ಚಿದ್ದಕ್ಕೆ 2014ರಲ್ಲಿ ಜಾನ್ ಓಕೀಫ್ ಮತ್ತು ಮೋಸರ್ ದಂಪತಿಗೆ ನೊಬೆಲ್ ಬಂತು. ವಯಸ್ಸಾದಂತೆ ಮನಸ್ಸಿನಲ್ಲೇ ನಕ್ಷೆ ಬಿಡಿಸಿಕೊಂಡು ಹೊಸ ಅಡ್ಡದಾರಿ ಹುಡುಕುವುದು ಕಷ್ಟವಾಗುತ್ತದೆ. ನಡೆದು ರೂಢಿಯಾದ ದಾರಿ, ಕಣ್ಣಿಗೆ ಬೀಳುವ ಗುರುತು ಕೈಹಿಡಿಯುತ್ತವೆ. ಆ ಕೋಶಗಳು ಮೊದಲು ಸಿಕ್ಕಿದ್ದು ಇಲಿಗಳಲ್ಲಿ ಎಂದೆ. "ಇಲಿಗೆ ಇರೋ ಬುದ್ಧಿ ನಿನ್ನ ಮೊಬೈಲಿಗಿಲ್ಲವಲ್ಲೋ!" ಎಂದರು.

ನಿಜವಾದ ಪರೀಕ್ಷೆ ಇರುವುದು ಮೆಜೆಸ್ಟಿಕ್ ಮೆಟ್ರೋದಲ್ಲಿ. ನೆಲದಡಿಯಲ್ಲಿ ಸೂರ್ಯನಿಲ್ಲ, ಮರವಿಲ್ಲ, ಮೂಡಣ ಪಡುವಣ ತಿಳಿಯುವುದಿಲ್ಲ. ವಿಜಯನಗರದ ಮಗಳ ಮನೆಯಿಂದ ಮಲ್ಲೇಶ್ವರಕ್ಕೆ ಹೊರಟ ಮಾವ ಇಲ್ಲಿ ನೇರಳೆ ರೈಲಿನಿಂದಿಳಿದು ಹಸಿರು ಹತ್ತಬೇಕು. ಬೋರ್ಡಿನಲ್ಲಿ ಮಲ್ಲೇಶ್ವರದ ಹೆಸರೇ ಇರುವುದಿಲ್ಲ, ಕೊನೆಯ ನಿಲ್ದಾಣ 'ಮಾದಾವರ' ಎಂದಿರುತ್ತದೆ. ಮಾದಾವರದಲ್ಲಿ ಅವರಿಗೇನು ಕೆಲಸ? ಆದ್ದರಿಂದ ದಪ್ಪಕ್ಷರದಲ್ಲಿ ಚೀಟಿ ಬರೆದು ಜೇಬಿಗಿಟ್ಟೆವು: 'ಹಸಿರು. ಮಾದಾವರದ ಕಡೆ. ಮೊದಲನೇ ಸ್ಟಾಪ್, ಸಂಪಿಗೆ ರಸ್ತೆ.' ಅಷ್ಟೇ. ಹೆಚ್ಚು ಬರೆದರೆ ಚೀಟಿ ಓದಲು ಇನ್ನೊಬ್ಬರ ಸಹಾಯ ಬೇಕಾಗುತ್ತದೆ.

ಸಹಾಯಕ್ಕೆ ನಮ್ಮಲ್ಲಿ ಬರವಿಲ್ಲ. ಗೊತ್ತಿಲ್ಲ ಎನ್ನುವುದು ನಮ್ಮ ಜನಕ್ಕೆ ಅವಮಾನ; ಗದ್ದ ಎತ್ತಿ 'ಹಿಂಗೇ ಸೀದಾ ಹೋಗಿ' ಎನ್ನುತ್ತಾರೆ. ಇನ್ನು ಕೆಲವರು ಕೇಳದೆಯೇ ಮೊಣಕೈ ಹಿಡಿದು ಎಸ್ಕಲೇಟರಿನತ್ತ ಎಳೆಯುತ್ತಾರೆ. ನಮ್ಮ ತೋಳು ಕೊಟ್ಟು ಅವರೇ ಹಿಡಿದುಕೊಳ್ಳಲು ಬಿಟ್ಟರೆ ಹಿರಿಯರ ಕಾಲಿಗೂ ಭದ್ರ, ಮರ್ಯಾದೆಗೂ ಭದ್ರ.

ಚೀಟಿಯೊಂದಿಗೆ ಹೋದ ಮಾವ ಒಂದು ಗಂಟೆ ತಡವಾಗಿ ಮಲ್ಲೇಶ್ವರ ಸೇರಿದರು. ದಾರಿ ತಪ್ಪಿತೇ ಎಂದು ಫೋನಿನಲ್ಲಿ ಕೇಳಿದೆ.

"ಇಲ್ವೋ. ಚೀಟಿ ಓದಿಸೋಣ ಅಂತ ಒಬ್ಬ ಹುಡುಗನ್ನ ಕರೆದೆ, ತಿಪಟೂರಿನೋನು. ಕೊಬ್ಬರಿ ರೇಟು ಏರಿದೆಯಂತೆ!"