‘0.05ರ ಒಳಗೆ ಬಂದರೆ ನಾನೇ ದೊರೆ!’

ತೋವಿನಕೆರೆ ಬಸ್ ನಿಲ್ದಾಣದ ಹೋಟೆಲಿನಲ್ಲಿ ಕಾಫಿ ಹೀರುತ್ತಿದ್ದವರು ಸಂಖ್ಯಾಶಾಸ್ತ್ರದ ಶ್ರೀಮಾನ್ ಪಿ-ಮೌಲ್ಯ. ಪಾವಗಡದ ಒಣ ಹೊಲದ ಕಡಲೆಕಾಯಿ ಎಲೆಗೂ ಕೊರಟಗೆರೆಯಲ್ಲಿ ನೀರುಂಡ ಎಲೆಗೂ ಪ್ರೋಟೀನಿನಲ್ಲಿ ಏನು ವ್ಯತ್ಯಾಸ ಎಂಬ ಪಂಚಾಯ್ತಿ ಮುಗಿಸಿ ಬಂದಿದ್ದರು.

ತಾವು ಯಾರು ಸ್ವಾಮಿ?

ಎರಡು ಗುಂಪಿಗೂ ನಿಜವಾಗಿ ವ್ಯತ್ಯಾಸವೇ ಇಲ್ಲ ಅಂತಿಟ್ಟುಕೊಳ್ಳಿ. ಆಗಲೂ ಇಷ್ಟು ಅಥವಾ ಇದಕ್ಕೂ ಹೆಚ್ಚಿನ ಅಂತರ ಆಕಸ್ಮಿಕವಾಗಿ ಕಾಣುವ ಸಂಭವ ಎಷ್ಟು? ಅಷ್ಟೇ ನಾನು. ಜನ ಮಾತ್ರ ನನ್ನನ್ನು ಸತ್ಯಹರಿಶ್ಚಂದ್ರ ಮಾಡಿಬಿಟ್ಟಿದ್ದಾರೆ.

0.05ಕ್ಕಿಂತ ಕಡಿಮೆ ಬಂದರೆ ವ್ಯತ್ಯಾಸ ನಿಜ ಎಂಬ ಗೆರೆ ಎಳೆದವರು ಯಾರು?

1925ರ ಪುಸ್ತಕದಲ್ಲಿ ಸಂಖ್ಯಾಶಾಸ್ತ್ರಜ್ಞ ಫಿಶರ್ ಅನುಕೂಲಕ್ಕೆಂದು ಹೇಳಿದ್ದು. ಈಗ ಲಕ್ಷ್ಮಣರೇಖೆ. 0.049 ಬಂದರೆ ಹೋಳಿಗೆ, 0.051 ಬಂದರೆ ಸೂತಕ.

ಎಷ್ಟು ಪ್ರೋಟೀನು ಹೋಲಿಸಿದಿರಿ?

ಪ್ರೋಟೀನು ಗುರುತಿಸುವ ಯಂತ್ರ ಮಾಸ್ ಸ್ಪೆಕ್ಟ್ರೋಮೀಟರ್ 2000 ಕೊಟ್ಟಿತು. ಒಂದೊಂದಕ್ಕೂ ಎರಡು ಗುಂಪಿನ ಸರಾಸರಿ ಹೋಲಿಸುವ ಟಿ-ಪರೀಕ್ಷೆ. ವ್ಯತ್ಯಾಸ ಏನೂ ಇಲ್ಲದಿದ್ದರೂ ಸುಮಾರು 100 ಗೆರೆಯೊಳಗೆ ನುಸುಳುತ್ತವೆ. ಅವಕ್ಕೆಲ್ಲ ‘ಬರ ತಾಳುವ ಪ್ರೋಟೀನು’ ಅಂತ ನಮ್ಮ ಸಂಶೋಧಕರು ಹಾರ ಹಾಕಿದರು.

ತಡೆಯುವವರೇ ಇಲ್ಲವೆ?

ಬಾನ್‌ಫೆರೋನಿ ವಿಧಾನ ಇದೆ, ಮಹಾ ಜಿಪುಣ. 0.05ನ್ನು 2000ದಿಂದ ಭಾಗಿಸಿ, 0.000025ಕ್ಕಿಂತ ದೊಡ್ಡವನಾದರೆ ನನಗೆ ಪ್ರವೇಶವಿಲ್ಲ ಅನ್ನುತ್ತದೆ. ಸುಳ್ಳಿನ ಜೊತೆ ಎಷ್ಟೋ ನಿಜವೂ ಹೊರಗೆ. 1995ರಲ್ಲಿ ಬೆಂಜಮಿನಿ ಮತ್ತು ಹಾಕ್‌ಬರ್ಗ್ ಹದವಾದ ದಾರಿ ಹಾಕಿಕೊಟ್ಟರು: ಆರಿಸಿದ ಪಟ್ಟಿಯಲ್ಲಿ ಹುಸಿಗಳು ಸರಾಸರಿ ನೂರಕ್ಕೆ ಐದನ್ನು ಮೀರದಿರಲಿ. ನಮ್ಮವರು ಆ ದಾರಿ ಹಿಡಿಯಲಿಲ್ಲ. ಹಿಡಿದರೆ ಪಟ್ಟಿ ಕರಗುತ್ತದಲ್ಲ!

ಕಡೆಗೆ ಮೂರು ಮೂರು ಮಾದರಿಯಾದರೂ ಇತ್ತಲ್ಲ?

(ದನಿ ತಗ್ಗಿಸಿ) ಗಿಡ ಒಂದೊಂದೇ. ಅದೇ ಎಲೆ ಅರೆದು ಮೂರು ಸಲ ಯಂತ್ರಕ್ಕೆ ಹಾಕಿದ್ದು. ಯಂತ್ರದ ಏರುಪೇರು ಗೊತ್ತಾಯಿತು, ಗಿಡದಿಂದ ಗಿಡಕ್ಕೆ ಆಗುವುದು ಗೊತ್ತಾಗಲಿಲ್ಲ. ಮಣ್ಣೂ ಬೇರೆ, ತಳಿಯೂ ಬೇರೆ. ತಪ್ಪೆಲ್ಲ ಬರದ ತಲೆಗೆ.

ಯಂತ್ರದ ಕಣ್ಣಿಗೆ ಬೀಳದ ಪ್ರೋಟೀನು?

ಖಾಲಿ ಜಾಗಕ್ಕೆಲ್ಲ ಸೊನ್ನೆ ತುಂಬಿದರು. ತೀರಾ ಕಡಿಮೆ ಇದ್ದದ್ದೂ ಇಲ್ಲವೇ ಇಲ್ಲ ಎಂದಾಯಿತು. ಅಂತರ ಮಧುಗಿರಿ ಬೆಟ್ಟದಷ್ಟು ಬೆಳೆಯಿತು.

ಓದುಗರಿಗೆ ಏನು ಹೇಳುತ್ತೀರಿ?

ನನ್ನೊಬ್ಬನ ಮಾತು ಕೇಳಿ ತೀರ್ಪು ಕೊಡಬೇಡಿ ಅಂತ ಅಮೆರಿಕದ ಸಂಖ್ಯಾಶಾಸ್ತ್ರ ಸಂಘವೇ 2016ರಲ್ಲಿ ಹೇಳಿದೆ. ಎಷ್ಟು ಗಿಡ, ಎಷ್ಟು ಹೊಲ, ಎಷ್ಟು ಪರೀಕ್ಷೆ, ಅಂತರವೆಷ್ಟು ಅಂತ ಮೊದಲು ಕೇಳಿ. ಮುಂದಿನ ಹಂಗಾಮಿನ ಬೇರೆ ಗಿಡಗಳಲ್ಲೂ ಅದೇ ಅಂತರ ಕಂಡರೆ ಆಮೇಲೆ ನಂಬಿ.